ಹಿತ್ತಲ ಹಕ್ಕಿ ನೋಡುತ್ತಾ ಕೂರುವುದು ಪ್ರಾರ್ಥನೆ ಆಗುತ್ತದಾ?

ಕಿಟಕಿಪಕ್ಕ

ಅಮ್ಮ ಹೋಗಿ ಹತ್ತು ತಿಂಗಳಾಯಿತು. ಕೊನೆಯ ಮೂರು ವರ್ಷ ಅವರ ಹಾಸಿಗೆ ಪಕ್ಕದಲ್ಲೇ ನನ್ನ ಬದುಕು. ಮಾತ್ರೆ ಕೊಡುವ ಹೊತ್ತು, ಮಗ್ಗುಲು ಬದಲಿಸುವ ಹೊತ್ತು, ಅದೇ ನನ್ನ ಗಡಿಯಾರ. ಅವರು ಹೋದ ಮೇಲೆ ಮನೆ ನಿಶ್ಶಬ್ದವಾಯಿತು, ತಲೆ ಮಾತ್ರ ಆಗಲಿಲ್ಲ. ದೇವರ ಮುಂದೆ ಕಣ್ಣು ಮುಚ್ಚಿ ಕೂತರೆ ಆಸ್ಪತ್ರೆಯ ಮಾನಿಟರಿನ ಬೀಪ್ ಬೀಪ್. ಒಂದು ತಿಂಗಳು ಪ್ರಯತ್ನಪಟ್ಟೆ. ಆಮೇಲೆ ಕೂರುವುದನ್ನೇ ಬಿಟ್ಟೆ.

ಹೋದ ವಾರ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ತುದಿಗೆ ಏನೋ ಕಸ ನೇತಾಡುತ್ತಿತ್ತು. ತೆಗೆಯೋಣ ಅಂತ ಹೊರಟವಳು ಕಿಟಕಿ ಹತ್ತಿರವೇ ನಿಂತೆ. ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿಯೊಂದು ಬಂತು. ಬಾಗಿದ ಸೂಜಿಯಂಥ ಕೊಕ್ಕು. ಕೊಕ್ಕಿನ ಎರಡೂ ಕಡೆ ಜೇಡರ ಬಲೆ ಮೀಸೆಯ ಹಾಗೆ ಇಳಿಬಿದ್ದಿತ್ತು. ಅದನ್ನು ಕಸಕ್ಕೆ ಒತ್ತಿತು, ಎಳೆದು ಸುತ್ತಿತು, ಒಳಗೆ ನುಗ್ಗಿ ಎದೆಯಿಂದ ಒತ್ತುತ್ತಾ ಒಂದು ಸುತ್ತು ತಿರುಗಿತು. ಇಡೀ ಚೀಲ ಅಲುಗಾಡಿತು. ಹಾರಿಹೋಯಿತು. ಎರಡು ನಿಮಿಷಕ್ಕೆ ಮತ್ತೆ ಬಂತು, ಈ ಸಲ ತೊಗಟೆಯ ಚೂರು. ಗಡಿಯಾರ ನೋಡಿದಾಗ ನಲವತ್ತು ನಿಮಿಷ ಆಗಿತ್ತು. ಅಷ್ಟು ಹೊತ್ತು ಬೀಪ್ ಇರಲಿಲ್ಲ. ಇರಲಿಲ್ಲ ಅಂತ ಗೊತ್ತಾಗಿದ್ದೂ ಆಮೇಲೆಯೇ.

ಈಗ ದಿನಾ ಬೆಳಿಗ್ಗೆ ಅಲ್ಲೇ ಕೂರುತ್ತೇನೆ. ಎದ್ದಾಗ ಎದೆ ಹಗುರ. ಇದನ್ನು ಪ್ರಾರ್ಥನೆ ಅನ್ನಬಹುದಾ? ಅಥವಾ ಪ್ರಾರ್ಥನೆ ಮಾಡಲಾಗದವಳು ಹುಡುಕಿಕೊಂಡ ನೆಪವಾ? ಹೀಗೆ ಬೇರೆ ಯಾರಿಗಾದರೂ ಆಗಿದೆಯಾ?

ದುರ್ಬೀನು

ಮೊದಲು, ಆ ಕಸ ಕೀಳದೆ ನಿಂತಿದ್ದಕ್ಕೆ ಧನ್ಯವಾದ. ಅದು ಸೂರಕ್ಕಿಯ ಗೂಡು. ಕಟ್ಟುವ ಕೆಲಸ ಹೆಣ್ಣಿನದು. ಗಂಡು ಹಿಂದೆ ಮುಂದೆ ಹಾರಾಡುತ್ತಿರುತ್ತದೆ, ಮೇಸ್ತ್ರಿಯ ಹಾಗೆ. ಜೇಡರ ಬಲೆಯೇ ಗಾರೆ. ಅದು ಗಟ್ಟಿಯೂ ಹೌದು, ಹಿಗ್ಗುವುದೂ ಹೌದು. ಹೊರಗೆ ತೊಗಟೆ, ಒಣ ಎಲೆ, ಹುಳದ ಹಿಕ್ಕೆ ಎಲ್ಲ ಅಂಟಿಸಿರುವುದರಿಂದ ನೋಡುವವರಿಗೆ ಕಸ. ಹತ್ತಿರದಿಂದ ನೋಡಿದರೆ ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಪುಟ್ಟ ಸಜ್ಜ ಕಾಣುತ್ತದೆ.

ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಎರಡು ವಾರ, ಮರಿ ಹೊರಬೀಳಲು ಇನ್ನೆರಡು ವಾರ. ಅಲ್ಲಿಯವರೆಗೆ ಆ ತಂತಿಗೆ ಬಟ್ಟೆ ಹಾಕಬೇಡಿ. ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ. ಕಿಟಕಿ ಒಳಗಿಂದಲೇ ನೋಡಿ.

ಪ್ರಾರ್ಥನೆ ವಿಷಯ ನನ್ನ ಇಲಾಖೆ ಅಲ್ಲ. ಬೇರೆಯವರು ಹೇಳಲಿ.

ಲೆಕ್ಕದಮೇಷ್ಟ್ರು

ನಾನು ದೇವರನ್ನು ನಂಬುವವನಲ್ಲ, ಆದರೂ ನಿಮಗೆ ಆಗಿದ್ದನ್ನು ನಂಬುತ್ತೇನೆ. ಇದಕ್ಕೆ ಲೆಕ್ಕವೂ ಇದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2018ರಿಂದ 2021ರವರೆಗೆ ಸುಮಾರು 1,300 ಜನರ ಮೊಬೈಲಿಗೆ ದಿನಕ್ಕೆ ಹಲವು ಸಲ ಪ್ರಶ್ನೆ ಕಳಿಸಿದರು. ಈಗ ಹಕ್ಕಿ ಕಾಣುತ್ತಿದೆಯಾ, ಕೇಳಿಸುತ್ತಿದೆಯಾ, ಮನಸ್ಸು ಹೇಗಿದೆ. ಹಕ್ಕಿ ಕಂಡ, ಕೇಳಿಸಿದ ಹೊತ್ತಿನಲ್ಲಿ ಮನಸ್ಸು ಚೆನ್ನಾಗಿತ್ತು. ಆ ಪರಿಣಾಮ ಎಂಟು ಗಂಟೆಯವರೆಗೂ ಉಳಿಯಬಹುದು ಅಂತ 2022ರಲ್ಲಿ ಬರೆದರು. ಖಿನ್ನತೆ ಇರುವವರಲ್ಲೂ ಇದು ಕಂಡಿತು. ಅದೇ ವರ್ಷ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 295 ಜನರಿಗೆ ಬರೀ ಆರು ನಿಮಿಷ ಸದ್ದು ಕೇಳಿಸಿದರು. ಕೆಲವರಿಗೆ ಹಕ್ಕಿಯ ಹಾಡು, ಕೆಲವರಿಗೆ ವಾಹನಗಳ ಗದ್ದಲ. ಹಕ್ಕಿ ಕೇಳಿದವರಲ್ಲಿ ಆತಂಕ ಕಡಿಮೆಯಾಯಿತು.

ಹಾಗಿದ್ದ ಮೇಲೆ ಇದಕ್ಕೆ ಅಧ್ಯಾತ್ಮ ಅನ್ನುವ ಭಾರದ ಹೆಸರು ಯಾಕೆ? ಗಮನ ಒಂದು ಕಡೆ ನಿಂತಿತು, ಮೆದುಳಿಗೆ ಬಿಡುವು ಸಿಕ್ಕಿತು. ಸಾಲದಾ?

ಅರೆನಿದ್ದೆ

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ಎಂಟು ಗಂಟೆಯ ಲೆಕ್ಕದಲ್ಲಿ ಆ ನಲವತ್ತು ನಿಮಿಷದೊಳಗೆ ಏನಿತ್ತು ಅನ್ನುವುದು ಬರುವುದಿಲ್ಲ.

ನನ್ನದು ರಾತ್ರಿ ಪಾಳಿ. ಮನೆಗೆ ಬರುವ ಹೊತ್ತಿಗೆ ಬೆಳಿಗ್ಗೆ ನಾಲ್ಕೂವರೆ. ಊರೆಲ್ಲ ಮಲಗಿರುತ್ತದೆ. ನೀರಿನ ಟ್ಯಾಂಕಿನ ತುದಿಯಲ್ಲಿ ಮಡಿವಾಳ ಹಕ್ಕಿ ಒಂದೇ ಹಾಡುತ್ತಿರುತ್ತದೆ. ಕಪ್ಪು ಬಿಳಿ, ಬಾಲ ಎತ್ತಿಕೊಂಡು. ಅದು ಹಾಡುವುದು ಎಲ್ಲೆ ಕಾಯಲು, ಹೆಣ್ಣನ್ನು ಕರೆಯಲು. ಗೊತ್ತು. ಆದರೂ ಆ ಕತ್ತಲಲ್ಲಿ ಬ್ಯಾಗ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಾಗ, ಇಡೀ ದಿನ ನಾನು ಏನೇನೋ ಆಗಬೇಕಿತ್ತಲ್ಲ, ಅದೆಲ್ಲ ಕಳಚಿದ ಹಾಗೆ. ಮುಂಡಕ ಉಪನಿಷತ್ತಿನಲ್ಲಿ ಒಂದೇ ಮರದಲ್ಲಿ ಎರಡು ಹಕ್ಕಿ ಬರುತ್ತವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ಓದಿದಾಗ ತಲೆಗೆ ಹತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತಾಗ ಹತ್ತಿತು. ದಿನವಿಡೀ ನಾನು ತಿನ್ನುವ ಹಕ್ಕಿ. ಆ ಅರ್ಧ ಗಂಟೆ ನೋಡುವ ಹಕ್ಕಿ.

ಟೆರೇಸ್‌ಅಜ್ಜಿ

ನಮ್ಮ ಮರದಲ್ಲಿ ಆ ಎರಡನೇ ಹಕ್ಕಿ ಸುಮ್ಮನೆ ನೋಡುವುದಿಲ್ಲ ಮಗು. ತನ್ನ ಸರದಿ ಯಾವಾಗ ಬರುತ್ತದೆ ಅಂತ ನೋಡುತ್ತದೆ.

ನನಗೆ ಎಪ್ಪತ್ತೊಂದು. ಒಬ್ಬಳೇ ಇರುವುದು. ನನ್ನ ಸಂಗಾತಿಗಳು ಹರಟೆಮಲ್ಲ ಹಕ್ಕಿಗಳು, ಏಳೆಂಟು ಇವೆ. ಮಣ್ಣಿನ ಬಣ್ಣ, ಕೆದರಿದ ಪುಕ್ಕ, ಬಿಳಿ ಕಣ್ಣು, ಯಾವಾಗಲೂ ಯಾರನ್ನೋ ಬೈಯುತ್ತಿರುವ ಮುಖ. ನೋಡಲು ಚೆಂದ ಇಲ್ಲ. ಆದರೆ ಒಂದು ಮರಿ ಮಾಡಿದರೆ ಉಳಿದವೂ ಅದಕ್ಕೆ ಹುಳ ತಂದು ತಿನ್ನಿಸುತ್ತವೆ. ಸಂಜೆ ಒಂದೇ ಕೊಂಬೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕೂರುತ್ತವೆ. ಸಾಲಿನ ತುದಿಯಲ್ಲಿರುವುದಕ್ಕೆ ಚಳಿ. ಅದು ಹಾರಿ ಬಂದು ನಡುವೆ ನುಗ್ಗುತ್ತದೆ. ಆಗ ಇನ್ನೊಂದು ತುದಿಗೆ ಹೋಗುತ್ತದೆ. ಅದೂ ಎದ್ದು ನಡುವೆ ನುಗ್ಗುತ್ತದೆ. ಕತ್ತಲಾಗುವವರೆಗೆ ಇದೇ. ನಾನು ನಕ್ಕೂ ನಕ್ಕೂ ಸಾಕಾಗುತ್ತದೆ. ಬರೀ ಇವತ್ತಿನದ್ದು ಹೇಳುತ್ತೇನೆ, ಬಾಯಿ ಬಿಟ್ಟು ನಕ್ಕಿದ್ದು ಅದೊಂದೇ ಸಲ. ಇದಕ್ಕೆ ಪ್ರಾರ್ಥನೆ ಅಂತ ಹೆಸರಿಡಲು ನನಗೆ ಸಂಕೋಚ. ನಗು ಅಂದರೆ ಆಯಿತು.

ಕಿವಿಯೇಕಣ್ಣು

ಎಲ್ಲರೂ ನೋಡುವುದು, ನೋಡುವುದು ಅನ್ನುತ್ತಿದ್ದೀರಿ. ನನಗೆ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ. ನಾನೂ ಹಕ್ಕಿ ಬಳಗದವನೇ.

ಕಣ್ಣು ಹೋದ ಮೊದಲ ವರ್ಷ ನನ್ನ ಪಾಲಿಗೆ ಹಿತ್ತಲೇ ಮುಚ್ಚಿಹೋಗಿತ್ತು. ಒಂದು ಮಧ್ಯಾಹ್ನ ಕುರ್ಚಿ ಹೊರಗೆ ಹಾಕಿಸಿಕೊಂಡು ಕೂತಿದ್ದೆ. ದೂರದಲ್ಲಿ ಟುಕ್, ಟುಕ್, ಟುಕ್. ತಾಮ್ರದ ಪಾತ್ರೆ ಬಡಿಯುವ ಹಾಗೆ. ಕಂಚುಗಾರ ಹಕ್ಕಿ. ಮೊದಲು ಎಡಗಡೆ ಇದೆ ಅನಿಸಿತು, ಆಮೇಲೆ ಬಲಗಡೆ. ಎರಡು ಹಕ್ಕಿ ಅಂದುಕೊಂಡೆ. ಒಂದೇ ಹಕ್ಕಿ ಕೂತಲ್ಲೇ ತಲೆ ತಿರುಗಿಸುತ್ತಾ ಕೂಗಿದರೂ ಹಾಗೆ ಕೇಳಿಸುತ್ತದಂತೆ. ಹಕ್ಕಿ ಅಲ್ಲಾಡದೆ ತಲೆ ತಿರುಗಿಸಿದ್ದು ನನಗೆ ಕಿವಿಯಲ್ಲೇ ಕಂಡಿತು. ಅವತ್ತು ಹಿತ್ತಲು ಮತ್ತೆ ತೆರೆಯಿತು.

ಈಗ ಬೆಕ್ಕು ಎಲ್ಲಿದೆ ಅಂತ ಪಿಕಳಾರ ಹೇಳುತ್ತದೆ. ಮಾಮೂಲಿ ಮಾತು ಹೋಗಿ ಚಟಪಟ ಬೈಗುಳ ಶುರುವಾದರೆ ಗೋಡೆ ಮೇಲೆ ಬೆಕ್ಕು. ಬೈಗುಳ ಸರಿದ ಕಡೆಗೆ ಬೆಕ್ಕೂ ಸರಿಯುತ್ತಿದೆ ಅಂತ ಲೆಕ್ಕ. ಹಕ್ಕಿಗೆ ದನಿ ಹುಟ್ಟುವುದು ನಮ್ಮ ಹಾಗೆ ಗಂಟಲ ಮೇಲ್ಭಾಗದಲ್ಲಿ ಅಲ್ಲ. ಎದೆಯೊಳಗೆ, ಉಸಿರುಕೊಳವೆ ಎರಡಾಗಿ ಕವಲೊಡೆಯುವ ಕಡೆ. ಅದಕ್ಕೇ ಕೆಲವು ಹಾಡುಗಾರ ಹಕ್ಕಿಗಳು ಏಕಕಾಲಕ್ಕೆ ಎರಡು ಸ್ವರ ಹಿಡಿಯಬಲ್ಲವು. ಇದು ತಿಳಿದ ದಿನ ನನಗೆ ಹಬ್ಬದಷ್ಟು ಖುಷಿ.

ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಕಾರ್ನೆಲ್‌ನವರ ಮರ್ಲಿನ್ ಆ್ಯಪ್ ನನ್ನ ಫೋನಿನಲ್ಲಿದೆ. ಒಳ್ಳೆಯದೇ. ಆದರೆ ಕೂತ ತಕ್ಷಣ ಹಾಕಬೇಡಿ. ಹೆಸರು ಬಂದ ಕೂಡಲೇ ಕಿವಿ ಕೆಲಸ ನಿಲ್ಲಿಸಿಬಿಡುತ್ತದೆ.

ಮೋಡಕವಿದ

ಬೇಸರ ಮಾಡಬೇಡಿ, ಒಂದು ಅಪಸ್ವರ. ಎರಡು ವರ್ಷದಿಂದ ನನ್ನ ಮನಸ್ಸು ಸರಿ ಇಲ್ಲ. ಗಿಡ ಬೆಳೆಸು, ಹಕ್ಕಿ ನೋಡು ಅಂತ ಎಲ್ಲರೂ ಹೇಳಿದರು. ದುರ್ಬೀನು ಕೊಂಡೆ. ಬಾಲ್ಕನಿಯಲ್ಲಿ ಕೂತೆ. ಕಾಗೆ ಬಂತು. ಪಾರಿವಾಳ ಬಂತು. ಏನೂ ಅನಿಸಲಿಲ್ಲ. ಹಕ್ಕಿ ನೋಡಿದರೂ ಖುಷಿಯಾಗದ ಜನ್ಮ ಎಂಥದ್ದು ಅಂತ ಇನ್ನಷ್ಟು ಕುಗ್ಗಿದೆ. ನೀವೆಲ್ಲ ಬರೆದಿದ್ದು ಓದಿದರೆ ನನಗೆ ಬೇರೆಯವರ ಮದುವೆ ಫೋಟೋ ನೋಡಿದ ಹಾಗೆ ಆಗುತ್ತದೆ.

ಲೆಕ್ಕದಮೇಷ್ಟ್ರು

ನಾನು ಮೇಲೆ ಹೇಳಿದ್ದು ಸಾವಿರಾರು ಉತ್ತರಗಳ ಸರಾಸರಿ. ಸರಾಸರಿ ಯಾರೊಬ್ಬರ ಮೇಲೂ ಆಣೆ ಇಟ್ಟು ಹೇಳುವ ಮಾತಲ್ಲ. ಹಕ್ಕಿ ಚಿಕಿತ್ಸೆಯ ಬದಲಿಯೂ ಅಲ್ಲ. ಡಾಕ್ಟರ ಹತ್ತಿರ ಹೋಗುತ್ತಿದ್ದರೆ ಬಿಡಬೇಡಿ, ಹೋಗದಿದ್ದರೆ ಹೋಗಿ.

ಟೆರೇಸ್‌ಅಜ್ಜಿ

ದುರ್ಬೀನು ಬೀರುವಿನಲ್ಲಿಡು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡು. ಎರಡು ಬೆರಳಿಗಿಂತ ಜಾಸ್ತಿ ಆಳ ಬೇಡ, ಪುಟ್ಟ ಹಕ್ಕಿ ಮುಳುಗುತ್ತದೆ. ಹಿಡಿತಕ್ಕೆ ನಡುವೆ ಒಂದು ಒರಟು ಕಲ್ಲು. ದಿನಾ ನೀರು ಚೆಲ್ಲಿ, ತಟ್ಟೆ ಉಜ್ಜಿ, ಹೊಸ ನೀರು. ಇಲ್ಲದಿದ್ದರೆ ಸೊಳ್ಳೆ. ಇಟ್ಟು ಒಳಗೆ ಹೋಗು. ಕೂರಬೇಡ, ನೋಡಬೇಡ. ಖುಷಿ ಬರಲೇಬೇಕು ಅಂತ ಕಾದು ಕೂತರೆ ಯಾವ ಹಕ್ಕಿ ತಾನೇ ಬರುತ್ತದೆ?

ದುರ್ಬೀನು

ಮೋಡಕವಿದ ಅವರೇ, ಬೇರೆ ಕಾರಣಕ್ಕೆ ನಾನೂ ಆ ಬಾಲ್ಕನಿಯಲ್ಲಿ ಕೂತವನು.

ಹದಿನೆಂಟು ವರ್ಷ ಪಟ್ಟಿ ಮಾಡಿದೆ. ಹೊಸ ಹಕ್ಕಿ ಸಿಕ್ಕಿತು ಅಂದರೆ ರಾತ್ರೋರಾತ್ರಿ ಹೊರಡುತ್ತಿದ್ದೆ. ಒಂದು ದಿನ ಜೌಗಿನಲ್ಲಿ ಮೂರು ಗಂಟೆ ಕಾದು ಅಪರೂಪದ ಹಕ್ಕಿ ನೋಡಿದೆ. ಟಿಕ್ ಹಾಕಿದೆ. ಹಾಕಿದ ಮರುಕ್ಷಣವೇ ಬೆನ್ನು ತಿರುಗಿಸಿದೆ. ಹಕ್ಕಿ ಇನ್ನೂ ಅಲ್ಲೇ ಇತ್ತು! ದಾರಿಯಲ್ಲಿ ಅದು ನೆನಪಾಗಿ ನಾಚಿಕೆಯಾಯಿತು. ಪಟ್ಟಿ ಬಿಟ್ಟೆ. ಒಂದು ವರ್ಷ ದುರ್ಬೀನನ್ನು ಮುಟ್ಟಲಿಲ್ಲ. ಹೆಸರು ಮಾತ್ರ ಇಟ್ಟುಕೊಂಡಿದ್ದೇನೆ ನೋಡಿ.

ವಾಪಸ್ ಕರೆತಂದದ್ದು ಒಂದು ಪೆದ್ದು ಕೆಲಸ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆ ಇದೆಯಲ್ಲ, 1998ರಲ್ಲಿ ಶುರುವಾಗಿದ್ದು, ಈಗ ಲೋಕದ ಎಲ್ಲ ಕಡೆ ಮಾಡುತ್ತಾರೆ. ಅದರ ನಿಯಮ ಇಷ್ಟೇ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡಿದ್ದನ್ನೆಲ್ಲ ಎಣಿಸಿ. ಕಾಗೆ ನಾಲ್ಕು ಅಂದರೆ ಕಾಗೆ ನಾಲ್ಕು. ಆ ಕಾಗದದಲ್ಲಿ ನಿಮಗೆ ಏನನಿಸಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಅದೇ ಬೇಕಾಗಿತ್ತು. ಫೆಬ್ರವರಿಗೆ ಕಾಯಬೇಡಿ. ಹದಿನೈದು ನಿಮಿಷ, ಪೆನ್ನು, ಚೀಟಿ. ಏನೂ ಅನಿಸದಿದ್ದರೂ ಲೆಕ್ಕ ಸರಿಯಿದ್ದರೆ ಸಾಕು.

ಕಿಟಕಿಪಕ್ಕ

ಎಲ್ಲರದ್ದೂ ಓದಿದೆ, ಕೆಲವನ್ನು ಎರಡೆರಡು ಸಲ. ಈಗ ಹೆಣ್ಣು ಒಳಗೆ ಕೂತುಬಿಟ್ಟಿದೆ. ಬಾಗಿಲಿಂದ ಕೊಕ್ಕಿನ ತುದಿ ಮಾತ್ರ ಹೊರಗೆ ಕಾಣುತ್ತದೆ. ಗಾಳಿಗೆ ಗೂಡು ತಿರುಗಿದಾಗ ಕೊಕ್ಕು ದಿಕ್ಸೂಚಿಯ ಹಾಗೆ ತಿರುಗುತ್ತದೆ.

ಇನ್ನೊಂದು ವಿಷಯ. ನಾಲ್ಕು ದಿನದಿಂದ ಗಂಡು ಅಮ್ಮನ ಕೋಣೆಯ ಕಿಟಕಿ ಗಾಜಿಗೆ ಬಂದು ಕುಕ್ಕುತ್ತದೆ. ಬೇರೆ ಕಿಟಕಿಗೆ ಅಲ್ಲ, ಅದೇ ಕಿಟಕಿಗೆ. ಬೆಳಿಗ್ಗೆ ಏಳಕ್ಕೆ ಶುರು. ಅಮ್ಮನಿಗೆ ಮಾತ್ರೆ ಕೊಡುತ್ತಿದ್ದ ಹೊತ್ತು. ನಮ್ಮ ಸಂಬಂಧಿಕರೊಬ್ಬರು ನೋಡಿ, ನಿಮ್ಮಮ್ಮನೇ ಬಂದಿದ್ದಾರೆ ಅಂದರು. ನನಗೆ ಮೈ ಜುಂ ಅಂದಿತು. ನೀವೇನು ಹೇಳುತ್ತೀರಿ?

ದುರ್ಬೀನು

ಹೇಳಲು ಕಷ್ಟವಾಗುತ್ತಿದೆ, ಆದರೂ ಹೇಳಬೇಕು. ಏಳು ಗಂಟೆಯ ಬೆಳಕಿಗೆ ಆ ಗಾಜು ಕನ್ನಡಿಯಾಗುತ್ತದೆ. ಅಲ್ಲಿ ಅದಕ್ಕೆ ಕಾಣುವುದು ಇನ್ನೊಂದು ಗಂಡು. ಗೂಡಿನ ಹತ್ತಿರ ಬಂದ ಪೈಪೋಟಿಗಾರ. ಓಡಿಸಲು ಕುಕ್ಕುತ್ತದೆ, ಅದೂ ಕುಕ್ಕುತ್ತದೆ, ಓಡುವುದೇ ಇಲ್ಲ. ಮರಿ ಬಂದ ಮೇಲೆ ಹುಳ ತರಬೇಕಾದ ಶಕ್ತಿ ಇಲ್ಲಿ ವ್ಯರ್ಥವಾಗುತ್ತದೆ. ಗಾಜಿನ ಹೊರಮೈಗೆ ಬಟ್ಟೆಯೋ ಕಾಗದವೋ ಕಟ್ಟಿ. ಒಳಗಿನ ಪರದೆ ಎಳೆದರೆ ಆಗದು, ಬಿಂಬ ಇನ್ನೂ ಚೆನ್ನಾಗಿ ಕಾಣುತ್ತದೆ.

ನಂಬಿಕೆಯವ

ನಾನು ನಂಬುವವನು. ದಿನಾ ಎರಡು ಹೊತ್ತು ಕೂರುವವನು. ಆದರೂ ದುರ್ಬೀನು ಅವರ ಪರ. ದೇವರು ಹಕ್ಕಿಯಲ್ಲಿದ್ದಾನೆ ಅಂದರೆ ಆ ಹಕ್ಕಿಯಲ್ಲಿ ಇರಲಿ, ನಮ್ಮ ಸಂದೇಶ ಹೊತ್ತು ತರುವ ಅಂಚೆಯವನಾಗಿ ಯಾಕೆ? ಗಾಜು ಕುಕ್ಕಿ ಕೊಕ್ಕು ನೋಯಿಸಿಕೊಳ್ಳುವ ಜೀವವನ್ನು ನೋಡಿ ನಾವು ಸಮಾಧಾನಪಡುವುದು ಸರಿ ಅಲ್ಲ. ಇದು ಒರಟು ಮಾತಾಗಿದ್ದರೆ ಕ್ಷಮಿಸಿ.

ಅರೆನಿದ್ದೆ

ಒರಟೇ. ಹತ್ತು ತಿಂಗಳ ದುಃಖಕ್ಕೆ ಒಂದು ಹಕ್ಕಿಯ ಕುಕ್ಕು ಸಮಾಧಾನ ಕೊಟ್ಟರೆ ಯಾರ ಗಂಟು ಹೋಗುತ್ತದೆ? ಬಟ್ಟೆ ಕಟ್ಟಲಿ, ಆದರೆ ಆ ಭಾವನೆಯನ್ನೂ ಜೊತೆಗೇ ಕಟ್ಟಿಹಾಕಬೇಕಾ?

ಕಿಟಕಿಪಕ್ಕ

ಜಗಳ ಬೇಡ. ಅಮ್ಮನ ಹಳೇ ದುಪ್ಪಟಿಯನ್ನೇ ಹೊರಗಿಂದ ಕಟ್ಟಿದೆ. ಮರುದಿನ ಏಳಕ್ಕೆ ಗಂಡು ಬಂತು, ಆ ಕಡೆ ಈ ಕಡೆ ನೋಡಿತು, ಹೋಯಿತು. ಕುಕ್ಕುವುದು ನಿಂತಿತು. ಎರಡು ದಿನ ಏನೋ ಕಳೆದುಕೊಂಡ ಹಾಗಿತ್ತು, ಸುಳ್ಳು ಹೇಳುವುದಿಲ್ಲ.

ಮೂರನೇ ದಿನ ಕೂತಾಗ ಒಂದು ವಿಷಯ ಹೊಳೆಯಿತು. ಮೂರು ವರ್ಷ ನಾನು ಒಂದು ಜೀವಕ್ಕೆ ಬೇಕಾದವಳಾಗಿದ್ದೆ, ನಿಮಿಷ ನಿಮಿಷಕ್ಕೂ. ಈ ಹಕ್ಕಿಗೆ ನಾನು ಬೇಡ. ನಾನು ಅಲ್ಲಿದ್ದೇನೆ ಅಂತಲೂ ಅದಕ್ಕೆ ಗೊತ್ತಿಲ್ಲ. ನಾನು ಏನೂ ಮಾಡದಿದ್ದರೂ ಗೂಡು ಏಳುತ್ತದೆ. ತಪ್ಪಿದರೆ ನನ್ನ ತಪ್ಪಲ್ಲ. ಇಷ್ಟು ದಿನ ನನ್ನನ್ನು ಹಗುರ ಮಾಡಿದ್ದು ಇದೇ. ಅದು ಅಮ್ಮನೇ ಆಗಿಬಿಟ್ಟರೆ ನಾನು ಮತ್ತೆ ಏಳು ಗಂಟೆಗೆ ಮಾತ್ರೆ ಹಿಡಿದು ನಿಂತ ಹಾಗೆ ಅಲ್ವಾ? ಅಮ್ಮ ಬೇರೆ ಕಡೆ ಇದ್ದಾರೆ. ಹಕ್ಕಿ ಹಕ್ಕಿಯಾಗಿರಲಿ.

ಲೆಕ್ಕದಮೇಷ್ಟ್ರು

ಬಹಳ ಚೆನ್ನಾಗಿ ಹೇಳಿದಿರಿ. ಆದರೆ ನನ್ನ ಚಾಳಿ, ಒಂದು ತಿದ್ದುಪಡಿ. ಹಕ್ಕಿಗೆ ನಾವು ಗೊತ್ತಿಲ್ಲ ಅನ್ನುವುದು ಎಲ್ಲ ಹಕ್ಕಿಗೂ ಅನ್ವಯಿಸುವುದಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಅವರ ತಂಡ 2006ರಲ್ಲಿ ಒಂದು ಮುಖವಾಡ ಹಾಕಿಕೊಂಡು ಕೆಲವು ಕಾಗೆ ಹಿಡಿದು ಬಿಟ್ಟರು. ಆಮೇಲೆ ವರ್ಷಗಟ್ಟಲೆ ಆ ಮುಖವಾಡ ಕಂಡರೆ ಸಾಕು, ಕಾಗೆಗಳು ಗುಂಪುಗೂಡಿ ಬೈದವು. ಹಿಡಿಯದೇ ಬಿಟ್ಟಿದ್ದ ಕಾಗೆಗಳೂ ಕಲಿತು ಬೈದವು.

ಟೆರೇಸ್‌ಅಜ್ಜಿ

ಅದಕ್ಕೆ ವಿಶ್ವವಿದ್ಯಾಲಯ ಬೇಕಿತ್ತಾ? ಗೂಡಿಂದ ಬಿದ್ದ ಕಾಗೆಮರಿಯನ್ನು ಎತ್ತಿ ಗೋಡೆ ಮೇಲಿಟ್ಟೆ. ಒಳ್ಳೆಯದು ಮಾಡಲು ಹೋಗಿದ್ದು. ಆ ವರ್ಷವಿಡೀ ಕೊಡೆ ಇಲ್ಲದೆ ಟೆರೇಸ್ ಹತ್ತಲಾಗಲಿಲ್ಲ.

ಕಿಟಕಿಪಕ್ಕ

ಸರಿ, ಕಾಗೆ ಬಿಟ್ಟು.

ಕಿಟಕಿಪಕ್ಕ (ಒಂದು ತಿಂಗಳ ನಂತರ)

ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ.

ಮೊಟ್ಟೆಯೊಡೆದು ಮರಿ ಬಂದಿದ್ದವು. ಎರಡು. ಬಾಗಿಲಲ್ಲಿ ಹಳದಿ ಅಂಚಿನ ಎರಡು ಬಾಯಿ ಕಾಣಲು ಶುರುವಾಗಿತ್ತು. ಅಪ್ಪ ಅಮ್ಮ ಇಬ್ಬರೂ ಹುಳ ತರುತ್ತಿದ್ದರು. ನಾಲ್ಕು ನಿಮಿಷಕ್ಕೊಮ್ಮೆ, ಕೆಲವು ಸಲ ಇನ್ನೂ ಬೇಗ. ಮಲ ಬಂದರೆ ಬಿಳಿ ಚೀಲದ ಹಾಗೆ ಕೊಕ್ಕಿನಲ್ಲಿ ಕಚ್ಚಿಕೊಂಡು ದೂರ ಹೋಗಿ ಹಾಕುತ್ತಿದ್ದರು. ಅಮ್ಮನ ಕೊನೆಯ ವರ್ಷ ನಾನು ಮಾಡಿದ್ದೂ ಅದೇ ಕೆಲಸ. ನೋಡಿ ಮೊದಲ ಸಲ ಆ ದಿನಗಳ ಬಗ್ಗೆ ಅಸಹ್ಯವಿಲ್ಲದೆ, ಅಳುವಿಲ್ಲದೆ ಯೋಚಿಸಿದೆ.

ಸೋಮವಾರ ಬೆಳಿಗ್ಗೆ ಕೆಂಬೂತ ಬಂತು. ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ಗಿಡದೊಳಗಿಂದ ಭಾರವಾಗಿ ಹತ್ತಿ ಹತ್ತಿ ತಂತಿ ಕಟ್ಟಿದ ಕಂಬಕ್ಕೆ ಬಂತು. ನಾನು ಗಾಜು ಬಡಿದೆ, ಕಿರುಚಿದೆ, ಬಾಗಿಲು ತೆಗೆದು ಓಡಿದೆ. ಅಷ್ಟರಲ್ಲಿ ಮುಗಿದಿತ್ತು. ಗೂಡಿನ ಹೊಟ್ಟೆ ಸೀಳಿ ಜೋತುಬಿದ್ದಿತ್ತು. ಒಳಗೆ ಮೆತ್ತಗೆ ಹಾಸಿದ್ದ ಬಿಳಿ ಅರಳೆ ಗಾಳಿಗೆ ಹಾರುತ್ತಿತ್ತು.

ತಪ್ಪಿದರೆ ನನ್ನ ತಪ್ಪಲ್ಲ ಅಂತ ಎಷ್ಟು ಜಂಬದಿಂದ ಬರೆದಿದ್ದೆ. ಈಗ ಮೂರು ದಿನದಿಂದ, ಆ ಗಿಡವನ್ನು ಮೊದಲೇ ಕಡಿದಿದ್ದರೆ, ಐದು ನಿಮಿಷ ಮೊದಲು ನೋಡಿದ್ದರೆ, ಅಂತಲೇ ಯೋಚನೆ. ಬೀಪ್ ವಾಪಸ್ ಬಂದಿದೆ. ಎಲ್ಲಿದೆ ಸಮಾಧಾನ?

ಟೆರೇಸ್‌ಅಜ್ಜಿ

ಅಳು ಮಗು. ಹಕ್ಕಿಗೆ ಅಂತ ಅಳು, ಅಮ್ಮನಿಗೆ ಅಂತ ಅಳು. ಲೆಕ್ಕ ಹಾಕಬೇಡ.

ದುರ್ಬೀನು

ತುಂಬಾ ಬೇಜಾರಾಯಿತು. ಇಂಥ ಪುಟ್ಟ ಹಕ್ಕಿಗಳ ಗೂಡುಗಳಲ್ಲಿ ಹಾಳಾಗುವುದು ಬಹಳ. ಕೆಂಬೂತ, ಕಾಗೆ, ಹಾವು, ಬೆಕ್ಕು, ಮಳೆ. ಅದಕ್ಕೇ ಅವು ಒಂದೇ ಗೂಡಿಗೆ ನಿಲ್ಲಿಸುವುದಿಲ್ಲ, ಮತ್ತೆ ಕಟ್ಟುತ್ತವೆ. ಕೆಂಬೂತಕ್ಕೂ ಎಲ್ಲೋ ಬಾಯಿ ತೆರೆದು ಕಾಯುವ ಮರಿ ಇರಬಹುದು. ಇದು ಈಗ ನಿಮಗೆ ಬೇಕಾದ ಮಾತಲ್ಲ, ಗೊತ್ತು. ಆದರೆ ಗಿಡ ಕಡಿಯಬೇಕಿತ್ತು ಅನ್ನುವುದು ಮಾತ್ರ ತಪ್ಪು. ಆ ಗಿಡ ಇದ್ದಿದ್ದಕ್ಕೇ ಸೂರಕ್ಕಿ ಅಲ್ಲಿಗೆ ಬಂದಿದ್ದು.

ನಂಬಿಕೆಯವ

ಭಾಗವತದ ಅವಧೂತನಿಗೆ ಇಪ್ಪತ್ತನಾಲ್ಕು ಗುರುಗಳು. ಅವರಲ್ಲಿ ಒಂದು ಪಾರಿವಾಳ. ಮರಿಗಳು ಬಲೆಗೆ ಬಿದ್ದವು ಅಂತ ತಾನೂ ಬಲೆಗೆ ಹಾರಿದ ಪಾರಿವಾಳ. ಮೋಹ ಒಳ್ಳೆಯದಲ್ಲ ಅನ್ನುವುದು ಅಲ್ಲಿನ ಪಾಠ. ಬೇರೆಯವರಿಗೆ ಹತ್ತಾರು ಸಲ ಹೇಳಿದ್ದೇನೆ. ಇವತ್ತು ನಿಮ್ಮ ಬರಹ ಓದಿ ಆ ಪಾಠ ಹೇಳಲು ಬಾಯಿ ಬರಲಿಲ್ಲ. ಹಾರಿದ ಆ ತಾಯಿ ಹಕ್ಕಿಯ ಪರವೇ ಮನಸ್ಸು ಹೋಯಿತು. ನನ್ನ ಹತ್ತಿರ ವಿವರಣೆ ಇಲ್ಲ. ಸಂಜೆ ನಿಮ್ಮ ಹೆಸರಿನಲ್ಲಿ ಕೂರುತ್ತೇನೆ, ಅಷ್ಟೇ.

ಕಿವಿಯೇಕಣ್ಣು

ಒಂದು ಕೇಳಲಾ? ಆಮೇಲೆ ಅವು ಯಾವ ಸದ್ದು ಮಾಡಿದವು?

ಕಿಟಕಿಪಕ್ಕ

ಯಾರೂ ಇದನ್ನು ಕೇಳಿರಲಿಲ್ಲ.

ಹೆಣ್ಣು ಒಂದು ಗಂಟೆ ಹೊತ್ತು ಒಂದೇ ಸದ್ದು ಮಾಡಿತು. ಟಿಟ್, ಟಿಟ್, ಟಿಟ್. ಮೊದಲು ಬೇಗಬೇಗ, ಆಮೇಲೆ ನಿಧಾನ. ಕೊಕ್ಕಿನಲ್ಲಿ ಹುಳ ಹಾಗೇ ಇತ್ತು. ಹರಿದ ಗೂಡಿನ ಹತ್ತಿರ ಹೋಗುವುದು, ಹಿಂದೆ ಬರುವುದು. ಕೊನೆಗೆ ಹುಳವನ್ನು ತಾನೇ ನುಂಗಿತು. ಅದನ್ನು ನೋಡಿದಾಗ ನನ್ನ ಕೈ ನಡುಗಿತು. ಆಸ್ಪತ್ರೆಯಿಂದ ಬಂದ ದಿನ ಅಮ್ಮನಿಗೆ ಅಂತ ಬೆಳಿಗ್ಗೆ ಮಾಡಿಟ್ಟಿದ್ದ ಗಂಜಿಯನ್ನು ರಾತ್ರಿ ನಾನೇ ನಿಂತುಕೊಂಡು ಕುಡಿದಿದ್ದೆ. ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಗಿತ್ತು, ಹಸಿವಾಗಿದ್ದಕ್ಕೆ.

ಸಂಜೆ ಗಂಡು ಅದೇ ತಂತಿ ಮೇಲೆ ಕೂತು ಹಾಡಿತು. ನನಗೆ ಸಿಟ್ಟು ಬಂತು. ಪೂರ್ತಿ ಹಾಡು ಕೇಳಿಸಿಕೊಂಡೆ ಆದರೂ.

ಕಿವಿಯೇಕಣ್ಣು

ಕೇಳಿಸಿಕೊಂಡಿರಲ್ಲ.

ಲೆಕ್ಕದಮೇಷ್ಟ್ರು

ಈ ಗಂಜಿಯ ವಿಷಯ ಓದಿ ಎದ್ದು ಒಂದು ಸುತ್ತು ನಡೆದು ಬಂದೆ. ಅಧ್ಯಾತ್ಮ ಅನ್ನುವ ಹೆಸರು ಯಾಕೆ ಅಂತ ಕೇಳಿದ್ದೆ. ಪ್ರಶ್ನೆ ವಾಪಸ್ ತಗೊಳ್ಳುವುದಿಲ್ಲ, ಆದರೆ ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಕಿಟಕಿಪಕ್ಕ (ಆರು ದಿನದ ನಂತರ)

ದುರ್ಬೀನು ಅವರಿಗೆ ಒಂದು ಪ್ರಶ್ನೆ. ಹರಿದ ಗೂಡು ಇನ್ನೂ ಜೋತಾಡುತ್ತಿದೆ. ನೋಡಲಾಗದೆ ಇವತ್ತು ತೆಗೆಯೋಣ ಅಂತ ಹೊರಟೆ. ಕಿಟಕಿ ಹತ್ತಿರ ಬಂದರೆ ಹೆಣ್ಣು ಅದರ ಮೇಲೇ ಕೂತಿದೆ. ಒಳಗಿನ ಅರಳೆ, ಬಲೆಯ ಎಳೆ ಎಳೆದು ಎಳೆದು ಬಾಯಿಗೆ ತುಂಬಿಕೊಳ್ಳುತ್ತಿದೆ. ಮತ್ತದೇ ಮೀಸೆ. ಎದುರು ಮರದ ಕಡೆ ಹಾರುತ್ತದೆ, ಎರಡು ಮೂರು ನಿಮಿಷಕ್ಕೆ ವಾಪಸ್. ಮರದಲ್ಲಿ ಎಲ್ಲಿ ಅಂತ ಇಲ್ಲಿಂದ ಕಾಣುವುದಿಲ್ಲ. ಹೊರಗೆ ಹೋದರೆ ಕಾಣಬಹುದು. ಹೋಗಲಿಲ್ಲ. ಹಳೇ ಗೂಡು ತೆಗೆಯಲಾ, ಬಿಡಲಾ?

ದುರ್ಬೀನು

ಬಿಡಿ. ಇನ್ನೂ ಸಾಮಾನು ಸಾಗಿಸುತ್ತಿದೆ. ಪೂರ್ತಿ ಬರುವುದು ನಿಲ್ಲಿಸಿದ ಮೇಲೆ ತೆಗೆದರಾಯಿತು. ಮರ ಯಾವುದು ಅಂತ ನನಗೂ ಹೇಳಬೇಡಿ.

ಮೋಡಕವಿದ

ಎಲ್ಲರಿಗೂ ನಮಸ್ಕಾರ. ಔಷಧಿ ನಡೆಯುತ್ತಿದೆ. ಅಜ್ಜಿ ಹೇಳಿದ ತಟ್ಟೆ ಇಟ್ಟಿದ್ದೇನೆ. ದಿನಾ ಉಜ್ಜುತ್ತೇನೆ, ಬೇರೇನೂ ಮಾಡದ ದಿನವೂ ಅದೊಂದು ಮಾಡುತ್ತೇನೆ. ಇವತ್ತು ಹದಿನೈದು ನಿಮಿಷ ಎಣಿಸಿದೆ. ಕಾಗೆ ಮೂರು. ಪಾರಿವಾಳ ಐದು, ಅಥವಾ ಒಂದೇ ಪಾರಿವಾಳ ಐದು ಸಲ. ಗೊರವಂಕ ಎರಡು. ಇನ್ನೊಂದು ಬಂತು, ಹೆಸರು ಗೊತ್ತಿಲ್ಲ. ಮುಷ್ಟಿಯಷ್ಟು ಗಾತ್ರ, ಕಂದು ಮೈ, ಬಾಲದ ಬುಡದಲ್ಲಿ ಕೆಂಪು. ತಟ್ಟೆಯಲ್ಲಿ ಇಳಿದು ನೀರೆಲ್ಲ ಎರಚಿತು. ನನ್ನ ಚೀಟಿ ಒದ್ದೆಯಾಯಿತು.

ಟೆರೇಸ್‌ಅಜ್ಜಿ

ತಲೆ ಮೇಲೆ ಜುಟ್ಟು ಇತ್ತಾ?

ಮೋಡಕವಿದ

ಇತ್ತು. ಒದ್ದೆಯಾದ ಮೇಲೆ ಇರಲಿಲ್ಲ.